ನಿಮ್ಮ ಕಾರ್ಡಿನಲ್ಲಿ ಇಲ್ಲದ ಮೂಗು

ಪಿಂಚಣಿದಾರರ ಗುರುತಿನ ಚೀಟಿ ವಿಭಾಗದ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ಅಳಿಸಿಬಿಡಬೇಕು ಎಂದು ನೀವು ಹೇಳಿದ್ದ ಫೋಟೋಗಳನ್ನು ನಾನು ಅಳಿಸಿಲ್ಲ. ನಾಲ್ಕು ವರ್ಷಗಳಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೇನೆ. ನಿಮ್ಮ ಕಚೇರಿಯ ಎದುರಿನ ಸ್ಟುಡಿಯೋದಲ್ಲಿ ಕೂತು ನಿಮ್ಮ ಪಿಂಚಣಿದಾರರ ಮುಖಗಳನ್ನು ಚೊಕ್ಕ ಮಾಡುವವಳು ನಾನು. ಚೊಕ್ಕ ಮಾಡಿದ ಮುಖಗಳು ನಿಮ್ಮ ಕಂಪ್ಯೂಟರಿನಲ್ಲಿವೆ. ಅವರು ನಮ್ಮ ಸ್ಟೂಲಿನ ಮೇಲೆ ಕೂತಾಗ ಇದ್ದ ಮುಖಗಳು ನನ್ನ ಹತ್ತಿರ ಇವೆ. ಇದು ನಮ್ಮ ಮಾಲೀಕರಿಗೆ ಗೊತ್ತಿಲ್ಲ. ಈ ಪತ್ರ ಪತ್ರಿಕೆಯಲ್ಲಿ ಅಚ್ಚಾದ ದಿನ ಗೊತ್ತಾಗುತ್ತದೆ.

ನನ್ನ ದೂರು ಇಷ್ಟು. ನಿಮ್ಮ ಒಂದು ನಿಯಮದ ದೆಸೆಯಿಂದ ನನ್ನ ದೊಡ್ಡಪ್ಪನ ಮೂಗಿನ ಮೇಲಿನ ಕ್ಯಾನ್ಸರನ್ನು ನಾನು ವರ್ಷಕ್ಕೊಮ್ಮೆ ಒರೆಸುತ್ತ ಬಂದೆ. ಒರೆಸಿದ ಫೋಟೋ ನೋಡಿ, ಆ ಕಾರ್ಡಿನ ಮೇಲೆ ಚಿಕಿತ್ಸೆ ಕೊಡುವ ನಿಮ್ಮ ಚಿಕಿತ್ಸಾಲಯದ ವೈದ್ಯರು ಅವರನ್ನು ಎರಡು ಸಲ ಮನೆಗೆ ಕಳಿಸಿದರು. ಈಗ ಆ ಮೂಗನ್ನು ಕತ್ತರಿಸಿ ತೆಗೆಯಬೇಕಾಗಿದೆ. ಪಕ್ಕದ ಕಣ್ಣು ಉಳಿಯುತ್ತದೋ ಇಲ್ಲವೋ ಆಪರೇಷನ್ನಿಗೆ ಹೋದ ಮೇಲೆ ತಿಳಿಯುತ್ತದಂತೆ. ದೊಡ್ಡಪ್ಪನ ಹಾಗೆಯೇ ನಾನು ಮುಖ ಒರೆಸಿ ಕಳಿಸಿದ ಇನ್ನೂ ಮೂವರಿದ್ದಾರೆ. ಅವರು ಎಲ್ಲಿದ್ದಾರೆ ಎಂದು ನಿಮಗೆ ಮಾತ್ರ ಗೊತ್ತು.

ನಿಮ್ಮ ನಿಯಮವನ್ನು ನೀವು ಮರೆತಿರಬಹುದು. ನಮ್ಮ ಸ್ಟುಡಿಯೋದ ಗೋಡೆಗೆ ಅಂಟಿಸಿ ಹೋಗಿದ್ದೀರಿ, ಹಾಗಾಗಿ ನನಗೆ ಬಾಯಿಪಾಠ. ಭಾವಚಿತ್ರದಲ್ಲಿ ಮುಖದ ಮೇಲೆ ಗಾಯ, ಪಟ್ಟಿ, ಹೊಸ ಮಚ್ಚೆ ಮುಂತಾದವು ಇರತಕ್ಕದ್ದಲ್ಲ. ಮುಖವು ಹಿಂದಿನ ವರ್ಷದ ಭಾವಚಿತ್ರದೊಂದಿಗೆ ಹೊಂದತಕ್ಕದ್ದು. ಹೊಂದದಿದ್ದಲ್ಲಿ ಅರ್ಜಿಯನ್ನು ತಿರಸ್ಕರಿಸಲಾಗುವುದು. ಇದನ್ನು ಬರೆದವರು ಯಾರೋ ನಾನರಿಯೆ. ಅವರು ವಯಸ್ಸಾದವರ ಮುಖವನ್ನು ಯಾವತ್ತೂ ಹತ್ತಿರದಿಂದ ನೋಡಿದವರಲ್ಲ ಎಂದು ಮಾತ್ರ ಖಂಡಿತ ಹೇಳಬಲ್ಲೆ. ಎಪ್ಪತ್ತು ದಾಟಿದವರ ಮುಖ ಹೋದ ವರ್ಷದ ಹಾಗೇ ಇರಬೇಕು ಎಂದರೆ ಏನರ್ಥ? ಪಿಂಚಣಿದಾರರು ಇನ್ನು ಮುಂದೆ ಮುದುಕರಾಗತಕ್ಕದ್ದಲ್ಲ ಎಂದು ನೇರವಾಗಿಯೇ ಒಂದು ಸುತ್ತೋಲೆ ಹೊರಡಿಸಬಹುದಿತ್ತಲ್ಲ?

ನಾನು ಹನ್ನೊಂದನೆಯ ತರಗತಿಯಲ್ಲಿ ಶಾಲೆ ಬಿಟ್ಟವಳು. ಒಂದು ಕಡೆ ಕೂರುವವಳಲ್ಲ, ಮನೆಯಲ್ಲಿ ನನ್ನನ್ನು ಬುಗುರಿ ಎಂದೇ ಕರೆಯುವುದು. ಆದರೆ ಶಾಲೆ ಬಿಟ್ಟದ್ದು ಅದಕ್ಕಲ್ಲ. ಪ್ರಯೋಗಾಲಯದಲ್ಲಿ ಲೋಲಕ ತೂಗಿಸಿ ಅಳತೆ ಬರೆಯುವಾಗ ನನಗೆ ಸರಿಯಾದ ಉತ್ತರ ಬರಲಿಲ್ಲ. ಪಕ್ಕದವಳದ್ದನ್ನು ನೋಡಿ ಬರೆ ಎಂದು ಮಾಸ್ತರೇ ಹೇಳಿದರು. ನನಗೆ ಬಂದದ್ದು ಇದು, ಇದನ್ನೇ ಬರೆಯುತ್ತೇನೆ ಎಂದೆ. ಮಾತಿಗೆ ಮಾತು ಬೆಳೆಯಿತು, ಮರುದಿನದಿಂದ ನಾನು ಹೋಗಲಿಲ್ಲ. ಒಂದು ಸುಳ್ಳು ಅಳತೆ ಬರೆಯುವುದಿಲ್ಲ ಎಂದು ಶಾಲೆ ಬಿಟ್ಟವಳು ಎಂಥ ಕೆಲಸಕ್ಕೆ ಸೇರಿದೆ ನೋಡಿ. ಬೆಳಗಿನಿಂದ ಸಂಜೆವರೆಗೆ ಜನರ ಮುಖದ ಮೇಲೆ ಇರುವುದನ್ನು ಇಲ್ಲ ಮಾಡುವುದು. ನಮ್ಮ ಮಾಲೀಕರು ಮೊದಲ ದಿನವೇ ಹೇಳಿದ್ದರು, "ಫೋಟೋ ಅಂದ್ರೆ ಹೇಗಿದಾರೋ ಹಾಗಲ್ಲಮ್ಮ. ಹೇಗಿರ್ಬೇಕೋ ಹಾಗೆ." ಅವರು ಕೆಟ್ಟವರಲ್ಲ. ಮದುವೆಯ ಹುಡುಗಿಯರ ಮೊಡವೆ ಒರೆಸಿ ಒರೆಸಿ ಅವರಿಗೆ ಹಾಗೆ ಅನ್ನಿಸಿದೆ. ಒರೆಸಿದ ಮೇಲೆ ಮೂಲ ಫೋಟೋ ತೆಗೆದುಬಿಡಬೇಕು, ಒಬ್ಬರಿಗೆ ಎರಡು ಮುಖ ಇರಬಾರದು ಎನ್ನುವುದು ನಿಮ್ಮ ಷರತ್ತು. ಆ ಒಂದನ್ನು ಮಾತ್ರ ನಾನು ಪಾಲಿಸಲಿಲ್ಲ. ಯಾಕೆ ಎಂದು ಕೇಳಿದರೆ ದೊಡ್ಡ ಕಾರಣವೇನೂ ಇರಲಿಲ್ಲ. ನನಗೆ ಬಂದ ಅಳತೆ ಎಲ್ಲಾದರೂ ಒಂದು ಕಡೆ ಇದ್ದಹಾಗೆ ಇರಲಿ ಅನ್ನಿಸಿತು, ಅಷ್ಟೆ.

ದೊಡ್ಡಪ್ಪ ರೈಲು ಗೇಟು ಕಾಯುತ್ತಿದ್ದವರು. ಚಿಕ್ಕಂದಿನಿಂದ ನಾನು ಬೆಳೆದದ್ದು ಅವರ ಬಳಿ. ಗೇಟಿನ ಪಕ್ಕದ ಗೂಡಿಗೆ ತಗಡಿನ ಮಾಡಿತ್ತು, ಆದರೆ ಗಾಡಿ ಬರುವಾಗ ಗೂಡಿನೊಳಗೆ ಇರುವಂತಿಲ್ಲ. ಹೊರಗೆ ಬಂದು, ಗಾಡಿ ಬರುವ ದಿಕ್ಕಿಗೆ ಮುಖ ಮಾಡಿ, ಬಾವುಟ ಹಿಡಿದು ನಿಲ್ಲಬೇಕು. ಕೊನೆಯ ಡಬ್ಬಿ ದಾಟುವವರೆಗೆ ಮುಖ ತಿರುಗಿಸುವಂತಿಲ್ಲ. ಮಧ್ಯಾಹ್ನದ ಬಿಸಿಲು ಅಲ್ಲಿ ಎಡಗಡೆಯಿಂದ ಬೀಳುತ್ತದೆ. ನೌಕರಿ ಮುಗಿಯುವ ಹೊತ್ತಿಗೆ ಅವರ ಎಡಗೆನ್ನೆ ಬಲಗೆನ್ನೆಗಿಂತ ಒಂದು ಬಣ್ಣ ಹೆಚ್ಚು ಕಪ್ಪಾಗಿತ್ತು. ಸರ್ಕಾರ ನನ್ನ ಅರ್ಧ ಮುಖ ಮಾತ್ರ ಬಳಸಿಕೊಂಡಿತು, ಇನ್ನರ್ಧ ಹೊಸದಾಗೇ ಉಳಿದಿದೆ ಎಂದು ಅವರು ನಗುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ವರ್ಷ ಅವರ ಎಡ ಹೊಳ್ಳೆಯ ಮೇಲೆ, ಕೆನ್ನೆ ಸೇರುವಲ್ಲಿ, ಸಾಸಿವೆ ಕಾಳಿನಷ್ಟು ಕಪ್ಪಗೆ ಏನೋ ಇತ್ತು. ಮನೆಯಲ್ಲಿ ನಾನದನ್ನು ನೋಡಿರಲಿಲ್ಲ. ದಿನಾ ನೋಡುವ ಮುಖವನ್ನು ಯಾರು ನೋಡುತ್ತಾರೆ? ಪರದೆಯ ಮೇಲೆ ದೊಡ್ಡದು ಮಾಡಿದಾಗ ಕಂಡಿತು. ಇರುವುದು ಇರಲಿ ಎಂದು ಹಾಗೇ ಮುದ್ರಿಸಿ ಕೊಟ್ಟೆ. ಸ್ವಲ್ಪ ಹೊತ್ತಿಗೆ ರಸ್ತೆ ದಾಟಿ ವಾಪಸು ಬಂದರು.

"ಏನಂತೆ?" ಎಂದೆ.

"ಮೂಗಿನ ಮೇಲೆ ಏನೋ ಇದೆಯಂತೆ. ಕ್ಲೀನ್ ಮಾಡಿಸ್ಕೊಂಡು ಬನ್ನಿ ಅಂದ ಕೌಂಟರಿನವನು."

"ಇರೋದು ಇದೆ ದೊಡ್ಡಪ್ಪ. ಸೋಪು ಹಚ್ಚಿದ್ರೆ ಹೋಗುತ್ತಾ?"

"ಅದನ್ನೂ ಕೇಳ್ದೆ. ಮುಖ ತೊಳೀಬೇಡಿ ಯಜಮಾನ್ರೇ, ಫೋಟೋ ತೊಳೀರಿ ಅಂದ." ಅವರಿಗೆ ಅದೊಂದು ಒಳ್ಳೆಯ ತಮಾಷೆಯಾಗಿ ಕಂಡಿತ್ತು. "ಒರೆಸಿಬಿಡು ಬುಗುರಿ. ಮೂಗು ಹೇಗೂ ನನ್ನ ಹತ್ರಾನೇ ಇರುತ್ತಲ್ಲ."

ಮೂಗು ಹೇಗೂ ನನ್ನ ಹತ್ರಾನೇ ಇರುತ್ತಲ್ಲ. ಈ ಮಾತು ಈಗ ನಾನು ನಲ್ಲಿ ತಿರುಗಿಸಿದರೂ ಕೇಳುತ್ತದೆ, ಬಾಗಿಲು ಹಾಕಿದರೂ ಕೇಳುತ್ತದೆ.

ಒರೆಸುವುದು ಹೇಗೆಂದು ನಿಮಗೆ ಹೇಳಬೇಕು, ಏಕೆಂದರೆ ನೀವು ಒಪ್ಪಿ ಸಹಿ ಹಾಕಿದ ಮುಖಗಳೆಲ್ಲ ಹೀಗೆಯೇ ಆದವು. ಕೆನ್ನೆಯ ಮೇಲೆ ಚೆನ್ನಾಗಿರುವ ಒಂದು ತುಂಡು ಚರ್ಮ ಆರಿಸಿಕೊಳ್ಳಬೇಕು. ಅದನ್ನು ಎತ್ತಿ ಮಚ್ಚೆಯ ಮೇಲೆ ಕೂರಿಸಬೇಕು. ಅಂಚು ಸವರಬೇಕು. ಸಾಮಾನ್ಯ ಮಚ್ಚೆಯಾದರೆ ಮೂರು ನಾಲ್ಕು ಸಲ ಕೈಯಾಡಿಸಿದರೆ ಮುಗಿಯಿತು. ದೊಡ್ಡಪ್ಪನದು ಹಾಗಾಗಲಿಲ್ಲ. ಕಪ್ಪು ಹೋಯಿತು, ಸುತ್ತಲಿನ ಹೊಳಪು ಹೋಗಲಿಲ್ಲ. ದೀಪದ ಬೆಳಕಿಗೆ ಅದರ ಅಂಚು ಮುತ್ತಿನ ಹಾಗೆ ಹೊಳೆಯುತ್ತಿತ್ತು. ಎಣ್ಣೆಮುಖದ ಹೊಳಪಲ್ಲ ಅದು, ಒಳಗಿನಿಂದ ಬಂದ ಹಾಗಿತ್ತು. ನಾನು ಅದರ ಮೇಲೆ ಎರಡೆರಡು ಪದರ ಚರ್ಮ ಹಾಕಿ ಮುಚ್ಚಿದೆ. ಎರಡನೆಯ ವರ್ಷ ಅದು ಬೇಳೆಯಷ್ಟಾಗಿತ್ತು. ಆ ಸಲ ಅವಸರದಲ್ಲಿ ಒಂದು ಎಡವಟ್ಟು ಮಾಡಿದೆ. ಅವರ ಕೆನ್ನೆಯ ಮೇಲೆ ಹಳೆಯ ಸಿಡುಬಿನ ಒಂದು ಗುಳಿಯಿದೆ. ಎತ್ತಿದ ಚರ್ಮದ ಜೊತೆ ಆ ಗುಳಿಯೂ ಬಂದು ಮೂಗಿನ ಮೇಲೆ ಕೂತಿತು. ಕಳಿಸಿದ ಮೇಲೆ ನೋಡಿಕೊಂಡು, ಈಗ ವಾಪಸು ಬರುತ್ತದೆ ಎಂದು ಕಾದೆ. ಬರಲಿಲ್ಲ. ಒಂದೇ ಗುಳಿ ಕೆನ್ನೆಯ ಮೇಲೂ ಮೂಗಿನ ಮೇಲೂ ಇರುವ ಮುಖವನ್ನು ನಿಮ್ಮ ಕಚೇರಿ ಹಿಂದಿನ ವರ್ಷದೊಂದಿಗೆ ಹೊಂದುತ್ತದೆ ಎಂದು ಒಪ್ಪಿತು. ಇದ್ದ ಮುಖಕ್ಕೆ ಬಾಗಿಲು ಹಾಕಿದವರು ಇಲ್ಲದ ಮುಖಕ್ಕೆ ಬಾಗಿಲು ತೆಗೆದಿರಿ. ಆ ಫೋಟೋ ತೆರೆದರೆ ನನಗೆ ಮೊದಲು ಕಾಣುವುದು ಆ ಎರಡನೆಯ ಗುಳಿ. ನಿಮಗೆ?

ಅದೇ ವರ್ಷ ಮಚ್ಚೆಯ ನಡುವೆ ಒಡೆದು ರಕ್ತ ಬಂತು. ಮುಖ ತೊಳೆದ ಟವೆಲಿನ ಮೇಲೆ ಒಂದು ಚುಕ್ಕೆ, ಅಷ್ಟೆ. ಆಮೇಲೆ ಹಕ್ಕಳೆಗಟ್ಟಿತು, ಹಕ್ಕಳೆ ಉದುರಿತು. "ನೋಡು, ವಾಸಿಯಾಯ್ತು" ಎಂದರು ದೊಡ್ಡಪ್ಪ. ಕೆಲವು ವಾರಕ್ಕೆ ಮತ್ತೆ ಒಡೆಯಿತು, ಮತ್ತೆ ವಾಸಿಯಾಯಿತು. ಹೀಗೆ ಅದು ಎಷ್ಟು ಸಲ ವಾಸಿಯಾಯಿತೋ ಲೆಕ್ಕವಿಲ್ಲ. ನಾನು ಬೆನ್ನು ಬಿದ್ದು ನಿಮ್ಮ ಚಿಕಿತ್ಸಾಲಯಕ್ಕೆ ಕಳಿಸಿದೆ. ಒಬ್ಬರೇ ಹೋಗಿ ಒಂದು ಮುಲಾಮು ಹಿಡಿದು ಬಂದರು. ಕನ್ನಡಕ ಉಜ್ಜಿ ಹುಣ್ಣಾಗಿದೆಯಂತೆ. ಕನ್ನಡಕ ಬದಲಾಯಿಸಿದೆವು. ಹುಣ್ಣು ಬದಲಾಗಲಿಲ್ಲ.

ಮೂರನೆಯ ವರ್ಷದ ಫೋಟೋದಲ್ಲಿ ನಡುವೆ ತಗ್ಗು ಬಿದ್ದಿತ್ತು, ಸುತ್ತ ಅದೇ ಹೊಳೆಯುವ ಏರಿ. ಮಾಲೀಕರು ಹಿಂದೆ ನಿಂತು, "ಅದೊಂದು ಒರೆಸಿಬಿಡಮ್ಮ, ಪಾಪ, ಮತ್ತೆ ಓಡಾಡ್ಸೋದು ಬೇಡ" ಎಂದರು. ಈ ವರ್ಷ ಅದು ಕಣ್ಣಿನ ಮೂಲೆ ಮುಟ್ಟಿತ್ತು. ಎತ್ತಿ ಕೂರಿಸಲು ಆ ಕೆನ್ನೆಯಲ್ಲಿ ಚೆನ್ನಾಗಿರುವ ಚರ್ಮ ಉಳಿದಿರಲಿಲ್ಲ. ಬಲಗೆನ್ನೆಯಿಂದ ತಂದು ಹಾಕಿದೆ. ಆ ಸಂಜೆ ಅವರನ್ನು ಕರೆದುಕೊಂಡು ನಾನೇ ಚಿಕಿತ್ಸಾಲಯಕ್ಕೆ ಹೋದೆ. ವೈದ್ಯರು ಚಿಕ್ಕ ವಯಸ್ಸಿನವರು, ಹೊರಗೆ ಬೆಂಚು ತುಂಬ ಜನ, ಅವರಿಗೂ ಅವಸರ.

"ಎಷ್ಟು ದಿನದಿಂದ ಇದೆ?"

"ಇತ್ತೀಚೆಗೆ" ಎಂದರು ದೊಡ್ಡಪ್ಪ. ಅವರಿಗೆ ಎಲ್ಲವೂ ಇತ್ತೀಚೆಗೆ. ದೊಡ್ಡಮ್ಮ ತೀರಿಕೊಂಡದ್ದೂ ಇತ್ತೀಚೆಗೆ. ಆಗ ನಾನು ಎರಡನೆಯ ತರಗತಿ.

ವೈದ್ಯರು ಪರದೆಯ ಮೇಲೆ ಕಾರ್ಡು ತೆಗೆದರು. "ನೋಡಿ, ಈ ವರ್ಷದ ಫೋಟೋದಲ್ಲೇ ಏನೂ ಇಲ್ಲ. ಹೋದ ಸಲಾನೂ ನೋಡಿ ಹೇಳಿದ್ದೆ, ಆಗ್ಲೂ ಕಾರ್ಡಿನಲ್ಲಿ ಇರ್ಲಿಲ್ಲ. ಹಳೇದಾಗಿದ್ರೆ ಯೋಚ್ನೆ ಮಾಡ್ಬೇಕಿತ್ತು. ಇದು ಹೊಸದು, ಕೆರ್ಕೊಂಡಿದೀರಿ."

ಆಗ ನನಗೆ ಮೊದಲ ಸಲ ಅರ್ಥವಾಯಿತು. ಹೋದ ಸಲದ ಮುಲಾಮು ಎಲ್ಲಿಂದ ಬಂದಿತ್ತು ಎಂದು ಅರ್ಥವಾಯಿತು.

"ಸಾರ್, ಅದು ನಾನು ಒರೆಸಿದ ಫೋಟೋ" ಎಂದೆ. "ನಾಲ್ಕು ವರ್ಷದಿಂದ ಇದೆ ಇದು. ನಿಮ್ಮ ಕಚೇರಿಯವರೇ ಒರೆಸೋಕೆ ಹೇಳೋದು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಸ್ಟುಡಿಯೋದವರಾ, ಡಾಕ್ಟರಾ? ದಾಖಲೆಯಲ್ಲಿ ಏನಿದೆಯೋ ಅದನ್ನ ನೋಡಿ ನಾವು ಹೇಳ್ಬೇಕಮ್ಮ."

ಮಾನ್ಯರೇ, ದಾಖಲೆಯವರು ಅವರ ಎದುರಿನ ಕುರ್ಚಿಯಲ್ಲೇ ಕೂತಿದ್ದರು. ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಮೂಗಿನ ಮೇಲೆ ಹಸಿ ಹುಣ್ಣಿಟ್ಟುಕೊಂಡು ಕೂತಿದ್ದರು. ಉಸಿರಾಡುವ ಮೂಗಿಗಿಂತ ಕಾರ್ಡಿನ ಮೂಗು ಹೆಚ್ಚು ನಿಜವಾದದ್ದು ಯಾವ ದಿನದಿಂದ? ಒಂದು ಊರಿನ ವೈದ್ಯರು ರೋಗಿಯ ಮುಖ ಬಿಟ್ಟು ನನ್ನಂಥವಳ ಕೈಕೆಲಸ ನೋಡಿ ಔಷಧಿ ಬರೆಯುವ ಏರ್ಪಾಡು ಮಾಡಿದವರು ಯಾರು? ಆ ವೈದ್ಯರೊಬ್ಬರನ್ನೇ ಬೈದು ನಾನು ಸುಮ್ಮನಾಗಬಹುದಿತ್ತು. ಅವರೂ ನನ್ನ ಹಾಗೆ ನಿಮ್ಮ ಗೋಡೆಯ ಕಾಗದವನ್ನೇ ನಂಬಿ ಕೂತವರು.

ಮರುದಿನ ದೊಡ್ಡಾಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋದೆವು. ಅಲ್ಲಿನ ಡಾಕ್ಟರಮ್ಮ ಕೈಯಲ್ಲಿ ಹಿಡಿಯುವ ಒಂದು ಬೆಳಕಿನ ಮಸೂರವನ್ನು ಮೂಗಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು.

"ನೋವಿದೆಯಾ ಯಜಮಾನ್ರೇ?"

"ಇಲ್ಲಮ್ಮ. ನೋವಿದ್ದಿದ್ರೆ ಆಗ್ಲೇ ಬರ್ತಿದ್ದೆ."

"ಅದೇ ನೋಡಿ ಇದರ ಕೆಟ್ಟಬುದ್ಧಿ. ಹಳೇ ಫೋಟೋ ಏನಾದ್ರೂ ಇದೆಯಾ?"

ದೊಡ್ಡಪ್ಪ ಅಂಗಿಯ ಜೇಬಿನಿಂದ ನಿಮ್ಮ ಕಾರ್ಡು ತೆಗೆದು ಕೊಟ್ಟರು. ನಾನು ಅದನ್ನು ಅವರ ಕೈಯಿಂದ ತೆಗೆದುಕೊಂಡು ಪೆನ್‌ಡ್ರೈವ್ ಕೊಟ್ಟೆ. ನಾಲ್ಕು ವರ್ಷದ ನಾಲ್ಕು ಮುಖಗಳು ಅವರ ಪರದೆಯ ಮೇಲೆ ಸಾಲಾಗಿ ಕೂತವು. ಡಾಕ್ಟರಮ್ಮ ಒಂದರಿಂದ ಇನ್ನೊಂದಕ್ಕೆ ನೋಡುತ್ತ ಹೋದರು. ದೊಡ್ಡಪ್ಪ ತಮ್ಮ ಮುಖವನ್ನೇ ಮೊದಲ ಸಲ ನೋಡುವವರ ಹಾಗೆ ನೋಡಿದರು. "ಇಷ್ಟೆಲ್ಲ ಇತ್ತೇನೇ ಬುಗುರಿ?" ಎಂದರು.

ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಅವರು ಅಂದುಕೊಂಡದ್ದನ್ನೇ ಹೇಳಿತು. ಅವರು ನಮಗೆ ಬಿಡಿಸಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಏಕೆಂದರೆ ನಿಮ್ಮ ಕೌಂಟರಿನ ಮುಂದೆ ಸಾಲು ನಿಲ್ಲುವವರೆಲ್ಲ ಈ ರೋಗ ಬರುವ ವಯಸ್ಸಿನವರೇ. ಚರ್ಮದ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದಂತೆ. ಬಿಸಿಲು ವರ್ಷಗಟ್ಟಲೆ ಮೈಯಲ್ಲಿ ಕೂಡಿಕೊಂಡು, ಬಿಸಿಲಿಗೆ ಹೋಗುವುದು ನಿಂತ ಎಷ್ಟೋ ಕಾಲದ ಮೇಲೆ ಎದ್ದು ಬರುತ್ತದಂತೆ. ಬರುವುದು ಹೆಚ್ಚಾಗಿ ಮುಖದ ಮೇಲೆ. ಮೂಗು, ಕಣ್ಣಿನ ರೆಪ್ಪೆ, ಕಿವಿ, ಹಣೆಯ ಪಕ್ಕ. ಬಿಳಿ ಚರ್ಮದವರಲ್ಲಿ ಗುಲಾಬಿಯಾಗಿ ಕಾಣುತ್ತದೆ, ನಮ್ಮ ಬಣ್ಣದವರಲ್ಲಿ ಕಪ್ಪಗೆ ನೀಲಿಯಾಗಿ. ಅದಕ್ಕೇ ಮಚ್ಚೆ ಎಂದೋ ವಯಸ್ಸಿನ ಕಲೆ ಎಂದೋ ಬಿಟ್ಟುಬಿಡುತ್ತಾರೆ. ಅಂಚು ಹೊಳೆಯುತ್ತದೆ. ರಕ್ತ ಬರುತ್ತದೆ, ಹಕ್ಕಳೆ ಕಟ್ಟುತ್ತದೆ, ವಾಸಿಯಾದ ಹಾಗೆ ನಟಿಸುತ್ತದೆ, ಮತ್ತೆ ಒಡೆಯುತ್ತದೆ. ಮೈಯಲ್ಲಿ ಬೇರೆ ಕಡೆ ಹಬ್ಬುವುದು ತೀರ ಅಪರೂಪ. ಕೂತಲ್ಲೇ ಕೂತು ಗೆದ್ದಲಿನ ಹಾಗೆ ಒಳಗೆ ತೋಡಿಕೊಂಡು ಹೋಗುತ್ತದೆ. ಸುಮ್ಮನೆ ಬಿಟ್ಟರೆ ಮೂಗಿನ ಮೆದು ಮೂಳೆಯನ್ನೂ ಬಿಡುವುದಿಲ್ಲ, ಕಣ್ಣನ್ನೂ ಬಿಡುವುದಿಲ್ಲ. "ಈ ಮೊದಲನೇ ಫೋಟೋ ಇದೆಯಲ್ಲ" ಎಂದರು ಡಾಕ್ಟರಮ್ಮ, "ಆಗ ಬಂದಿದ್ರೆ ಅಷ್ಟು ಜಾಗಕ್ಕೆ ಮರಗಟ್ಟೋ ಸೂಜಿ ಕೊಟ್ಟು, ತೆಗೆದು, ನಾಲ್ಕು ಹೊಲಿಗೆ ಹಾಕಿ ಅವತ್ತೇ ಮನೆಗೆ ಕಳಿಸ್ತಿದ್ದೆ."

ಈಗ ಅದು ಅವರ ಕೈಯಲ್ಲೂ ಇಲ್ಲ. ಬೇರೆ ಊರಿನ ಕ್ಯಾನ್ಸರ್ ಆಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ಅಲ್ಲಿ ಮೂಗು ತೆಗೆದ ಮೇಲೆ ಹಣೆಯ ಚರ್ಮವನ್ನು ಎತ್ತಿ, ತಿರುಗಿಸಿ, ಆ ಜಾಗದ ಮೇಲೆ ಕೂರಿಸಿ, ಅಂಚು ಹೊಲಿಯುತ್ತಾರಂತೆ. ಅವರು ಕಾಗದದ ಮೇಲೆ ಚಿತ್ರ ಬರೆದು ಇದನ್ನು ವಿವರಿಸುತ್ತಿದ್ದಾಗ ನನ್ನ ಬಲಗೈ ಬೆರಳುಗಳು ಮೇಜಿನ ಮೇಲೆ ತಾವಾಗಿಯೇ ಅಲ್ಲಾಡಿದವು. ಎತ್ತು, ಕೂರಿಸು, ಸವರು. ಆ ಕೆಲಸ ನನಗೆ ಗೊತ್ತು. ನಾಲ್ಕು ವರ್ಷ ಅದನ್ನೇ ಆಟದ ಹಾಗೆ ಮಾಡಿದ್ದೆ. ದೊಡ್ಡಪ್ಪ ಮಾತ್ರ, "ಹೊಸ ಮೂಗಿಗೆ ಹೊಸ ಕಾರ್ಡು ಮಾಡಿಸ್ಬೇಕಾ ಅಮ್ಮ? ಹಳೇದು ಹೊಂದಲ್ಲ ಅಂತಾರೆ" ಎಂದು ಕೇಳಿದರು. ಡಾಕ್ಟರಮ್ಮ ನಗಲಿಲ್ಲ. ದೊಡ್ಡಪ್ಪನೂ ಅದನ್ನು ತಮಾಷೆಗೆ ಹೇಳಿರಲಿಲ್ಲ.

ಈಗ ನಾನು ಬಸ್ಸಿನಲ್ಲಿ ಮುದುಕರ ಮುಖ ನೋಡಲಾರೆ. ಕಿಟಕಿಯ ಬೆಳಕು ಬಿದ್ದ ಕೂಡಲೆ ಕಣ್ಣು ತಾನಾಗಿ ಹೊಳಪು ಹುಡುಕುತ್ತದೆ. ಸ್ಟುಡಿಯೋದಲ್ಲಿ ಕೂತರೆ ನಾನು ಒರೆಸಿದವರೆಲ್ಲ ಆ ಸ್ಟೂಲಿನ ಮೇಲೆ ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಇಟ್ಟುಕೊಂಡಿದ್ದ ಫೋಟೋಗಳನ್ನೆಲ್ಲ ಡಾಕ್ಟರಮ್ಮನಿಗೆ ತೋರಿಸಿದೆ. ಹೆಚ್ಚಿನವು ಬರೀ ವಯಸ್ಸಿನ ಕಲೆಗಳು, ಹೆದರಬೇಡ ಎಂದರು. ಮೂವರ ಫೋಟೋ ಹತ್ತಿರ ನಿಂತರು. ಒಬ್ಬರು ಕೆಳರೆಪ್ಪೆಯ ಅಂಚಿನಲ್ಲಿ ಮಣಿಯಂಥದ್ದು ಇದ್ದ ಹೆಂಗಸು. ಒಬ್ಬರು ಕಿವಿಯ ಮೇಲಂಚು ಕಚ್ಚಿದಂತಾಗಿದ್ದ ಗಂಡಸು. ಇನ್ನೊಬ್ಬರು ಹಣೆಯ ಪಕ್ಕದ ಕಪ್ಪನ್ನು ಟೋಪಿಯಡಿ ಮುಚ್ಚಿಕೊಂಡು ಬಂದು, ಟೋಪಿ ತೆಗೆಯಿರಿ ಎಂದರೆ ಸಂಕೋಚಪಟ್ಟವರು. "ಫೋಟೋ ನೋಡಿ ಇಂಥದ್ದೇ ಅಂತ ಹೇಳಕ್ಕಾಗಲ್ಲ. ಆದ್ರೆ ಈ ಮೂವರನ್ನ ನಾನು ನೋಡ್ಲೇಬೇಕು. ಎಲ್ಲಿದಾರೆ?" ಎಂದರು. ಗೊತ್ತಿಲ್ಲ ಎಂದೆ. ನನ್ನ ಹತ್ತಿರ ಇರುವುದು ನಿಮ್ಮ ಕಚೇರಿ ಅವರಿಗೆ ಕೊಟ್ಟ ಆ ದಿನದ ಟೋಕನ್ ಸಂಖ್ಯೆ ಮಾತ್ರ. ರೆಪ್ಪೆಯ ಹೆಂಗಸು, "ಮಗಾ, ಕಣ್ಣು ಚೆನ್ನಾಗಿ ಬರೋ ಹಾಗೆ ತೆಗಿ, ನನ್ನ ಕಣ್ಣು ಚೆಂದ ಅಂತಿದ್ರು ಎಲ್ರೂ" ಎಂದಿದ್ದರು. ಚೆನ್ನಾಗಿಯೇ ಬಂತು, ನಾನು ಆ ಮಣಿ ತೆಗೆದ ಮೇಲೆ. ಈ ವರ್ಷ ಅವರು ಬರಲಿಲ್ಲ.

ಟೋಕನ್ ಸಂಖ್ಯೆ ಹಿಡಿದು ನಿಮ್ಮ ಕೌಂಟರಿಗೆ ಬಂದೆ. ದೊಡ್ಡಪ್ಪನ ಫೋಟೋ ತೊಳೆಯಲು ಕಳಿಸಿದವರೇ ಕೂತಿದ್ದರು.

"ಮೂಲ ಫೋಟೋ ಇಟ್ಕೊಳ್ಳೋದೇ ತಪ್ಪು. ಇಟ್ಕೊಂಡು ನಮ್ಮ ಹತ್ರಾನೇ ತಂದಿದೀಯಾ?"

"ಹೆಸರು, ವಿಳಾಸ ಕೊಡಿ ಸಾರ್. ನಾನೇ ಮನೆಗೆ ಹೋಗಿ ಹೇಳ್ತೀನಿ."

"ಅದು ಗೋಪ್ಯ. ಕೊಡೋಕೆ ಬರಲ್ಲ."

"ಹಾಗಾದ್ರೆ ನೀವೇ ಹೇಳಿ."

"ಏನಂತ? ಫೋಟೋ ತಿದ್ದೋ ಹುಡುಗಿಗೆ ಅನುಮಾನ ಬಂದಿದೆ, ಆಸ್ಪತ್ರೆಗೆ ಹೋಗಿ ಅಂತಾನಾ?" ಎಂದು ಪಕ್ಕದವರ ಕಡೆ ನೋಡಿದರು. ಪಕ್ಕದವರು ನಕ್ಕರು.

ಗೋಪ್ಯ ಎನ್ನುವುದನ್ನು ನಾನು ಒಪ್ಪುತ್ತೇನೆ. ಅದಕ್ಕೇ ಆ ಮೂವರ ಮುಖಗಳನ್ನು ಈ ಪತ್ರದ ಜೊತೆ ಅಚ್ಚು ಹಾಕಿಸುತ್ತಿಲ್ಲ. ಹಾಕಿಸಿದ್ದರೆ ಯಾರಾದರೂ ಗುರುತು ಹಿಡಿಯುತ್ತಿದ್ದರು, ಅದೂ ಗೊತ್ತು. ಆದರೆ ಒಮ್ಮೆ ಅವರನ್ನು ಕೇಳದೆ ಅವರ ಮುಖ ತಿದ್ದಿದ್ದೇನೆ, ಇನ್ನೊಮ್ಮೆ ಅವರನ್ನು ಕೇಳದೆ ಊರಿಗೆಲ್ಲ ತೋರಿಸಲಾರೆ. ಹೀಗಾಗಿ ಹೆಸರಿಲ್ಲದ ಮುಖಗಳು ನನ್ನ ಹತ್ತಿರ, ಮುಖವಿಲ್ಲದ ಹೆಸರುಗಳು ನಿಮ್ಮ ಹತ್ತಿರ. ನಡುವೆ ಒಂದು ರಸ್ತೆ. ಆ ರಸ್ತೆ ದಾಟಲು ನನಗಿರುವ ಕಾಲು ನಿಮಗೂ ಇದೆಯಲ್ಲವೇ?

ನನಗೆ ಬೇಕಾದದ್ದು ಇದು. ಮೂರು ಟೋಕನ್ ಸಂಖ್ಯೆ, ದಿನಾಂಕ, ಡಾಕ್ಟರಮ್ಮನ ಚೀಟಿ, ಮೂರು ಮೂಲ ಫೋಟೋ ಎಲ್ಲವನ್ನೂ ಮುಚ್ಚಿದ ಲಕೋಟೆಯಲ್ಲಿ ನಿಮ್ಮ ಹೆಸರಿಗಲ್ಲ, ನಿಮ್ಮ ಹುದ್ದೆಗೆ ಕಳಿಸಿದ್ದೇನೆ. ತೆರೆಯಿರಿ. ಆ ಮೂವರನ್ನು ಹುಡುಕಿ. ಅವರ ಮನೆಗೆ ಒಬ್ಬ ಮನುಷ್ಯನನ್ನು ಕಳಿಸಿ, ದೊಡ್ಡಾಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋಗಿ ಎಂದು ಹೇಳಿಸಿ. ಯಾರು ಹೇಳಿದರು ಎಂದು ಕೇಳಿದರೆ ಫೋಟೋ ತಿದ್ದುವ ಹುಡುಗಿ ಎಂದೇ ಹೇಳಲಿ, ಅವರು ನಗುವುದಿಲ್ಲ. ಆಮೇಲೆ ಗೋಡೆಯ ಮೇಲಿನ ಆ ಕಾಗದ ಕಿತ್ತುಹಾಕಿ. ಗಾಯವಿರುವ ಮುಖವನ್ನು ವಾಪಸು ಕಳಿಸುವ ಬದಲು, ಇದೇನು, ಯಾರಿಗಾದರೂ ತೋರಿಸಿದಿರಾ ಎಂದು ನಿಮ್ಮ ಕೌಂಟರಿನವರು ಒಂದು ಮಾತು ಕೇಳಿದರೆ ಸಾಕು. ಅಷ್ಟು ಕೇಳಿದ್ದರೆ ನಾಲ್ಕು ವರ್ಷದ ಹಿಂದೆ ನಾಲ್ಕು ಹೊಲಿಗೆಯಲ್ಲಿ ಮುಗಿಯುತ್ತಿತ್ತು. ಕೊನೆಯದು, ಮುಂದಿನ ವರ್ಷ ದೊಡ್ಡಪ್ಪ ಅದೇ ಸಾಲಿನಲ್ಲಿ ನಿಲ್ಲುತ್ತಾರೆ. ಅವರ ಮುಖ ಯಾವ ಹಳೆಯ ಫೋಟೋಗೂ ಹೊಂದುವುದಿಲ್ಲ. ಅದನ್ನು ಯಾರೂ ತಿದ್ದಿರುವುದಿಲ್ಲ. ಇದ್ದ ಹಾಗೇ ತೆಗೆದುಕೊಳ್ಳಿ.

ಇಂತಿ,
ನೀವು ಒಪ್ಪುವ ಹಾಗೆ ನಾಲ್ಕು ವರ್ಷ ಮೂಗು ತಿದ್ದಿದವಳು,
ಎದುರುಗಡೆಯ ಸ್ಟುಡಿಯೋ (ಈ ಪತ್ರ ಅಚ್ಚಾಗುವವರೆಗೆ)

ಉತ್ತರ ಬರೆಯುವುದಾದರೆ ಆ ಮೂವರಿಗೆ ಬರೆಯಿರಿ, ನನಗೆ ಬೇಡ. ನಾನು ಊರಲ್ಲಿರುವುದಿಲ್ಲ. ದೊಡ್ಡಪ್ಪ ಕಾಯುತ್ತಿದ್ದ ಗೇಟನ್ನು ದಾಟಿ ಹೋಗುವ ಬೆಳಗಿನ ರೈಲಿಗೆ ನಾಳೆ ನಾವಿಬ್ಬರೂ ಹೊರಡುತ್ತೇವೆ.